ಸಾವರ್ಡೆ–ಕುಡಚಡೆ: ಗೋವಾದ ಅದಿರಿನ ಊರಿನ ಬಗ್ಗೆ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಿರಾಣಿ ಅಂಗಡಿ ಕುಡಚಡೆ ರೈಲ್ವೆ ಸ್ಟೇಷನ್ನಿನ ಹತ್ತಿರವೇ ಇದೆ. ಅಪ್ಪ ಬಾದಾಮಿ ಕಡೆಯಿಂದ ಬಂದು ಮೊದಲು ಹೊಳೆದಂಡೆಯಲ್ಲಿ ಅದಿರು ದೋಣಿಗೆ ತುಂಬುವ ಕಟ್ಟೆಯಲ್ಲಿ, ಅಂದರೆ ಜೆಟ್ಟಿಯಲ್ಲಿ, ದುಡಿದರು, ಆಮೇಲೆ ಈ ಅಂಗಡಿ ಹಾಕಿದರು. ನಾನು ಹುಟ್ಟಿದ್ದು ಇಲ್ಲೇ. ಜಾತ್ರೆಗೆ ಊರಿಗೆ ಹೋದರೆ ಜನ ಸುತ್ತ ಕೂತು ಕೇಳುತ್ತಾರೆ. ಫೋನಿನಲ್ಲೂ ಕೇಳುತ್ತಾರೆ. ರೈಲಿಳಿದು ಚಹಾ ಎಲ್ಲಿ ಸಿಗುತ್ತೆ ಅಂತ ವಿಚಾರಿಸುವವರೂ ಕೊನೆಗೆ ಈ ಊರಿನ, ಗಣಿಯ ಮಾತಿಗೇ ಬರುತ್ತಾರೆ. ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಬರೆದು, ನನಗೆ ಗೊತ್ತಿರುವ ಉತ್ತರ ಕೊಟ್ಟಿದ್ದೇನೆ.

## ಊರಿನ ಪರಿಚಯ

ಸಾವರ್ಡೆ ಅಂದ್ರ ಎಲ್ಲಿ ಬರ್ತದ್ರಿ? ಕುಡಚಡೆ ಬ್ಯಾರೆ ಊರೇನು?

ಎರಡೂ ಬೇರೆ ಊರು, ಆದರೆ ಬದುಕು ಒಂದೇ. ನಡುವೆ ಹೊಳೆ ಹರಿಯುತ್ತದೆ. ಮುಂದೆ ಜುವಾರಿ ಅಂತ ಕರೆಸಿಕೊಳ್ಳುವ ನದಿ ಇದೇ. ಒಂದು ದಂಡೆಯ ಸಾವರ್ಡೆ ಸಾಂಗೆ ತಾಲ್ಲೂಕಿನ ಕಡೆಯದು. ಇನ್ನೊಂದು ದಂಡೆಯ ಕುಡಚಡೆ ಕೇಪೆ ತಾಲ್ಲೂಕಿಗೆ ಸೇರಿದೆ. ಕುಡಚಡೆಗೆ ಪಕ್ಕದ ಕಾಕೋಡೆಯನ್ನೂ ಸೇರಿಸಿ ಒಂದು ಪುರಸಭೆ ಇದೆ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 20 ಸಾವಿರ ದಾಟಿತ್ತು. ಮಡಗಾಂವ್‌ನಿಂದ ಇಲ್ಲಿಗೆ ಸುಮಾರು 20 ಕಿ.ಮೀ. ಬೀಚು ನೋಡಲು ಬರುವವರಿಗೆ ಈ ಊರು ಕಾಣುವುದೇ ಇಲ್ಲ, ಯಾಕೆಂದರೆ ಇದು ಒಳನಾಡು. ಇಲ್ಲಿ ಸಮುದ್ರದ ಗಾಳಿಗಿಂತ ಘಟ್ಟದ ಗಾಳಿಯೇ ಜಾಸ್ತಿ.

ಸ್ಟೇಷನ್ ಬೋರ್ಡ್ ಮೇಲೆ ಸಾನ್ವೋರ್ಡೆಮ್ ಕರ್ಚೋರೆಮ್ ಅಂತ ಇದೆಯಲ್ಲ?

ಅದು ಪೋರ್ಚುಗೀಸರು ಬರೆದ ಕಾಗುಣಿತ. ಕೊಂಕಣಿಯಲ್ಲಿ ಊರ ಹೆಸರಿನ ಕೊನೆಗೆ ಮೂಗಿನಿಂದ ಬರುವ ಎಳೆತವನ್ನು ಅವರು 'ಮ್' ಹಾಕಿ ಬರೆದರು. ಕುಳೆಂ, ಕಾಣಕೋಣ, ಪಣಜಿ, ಎಲ್ಲ ಹೆಸರುಗಳಿಗೂ ಹೀಗೆ ಒಂದೊಂದು ಕಾಗದದ ರೂಪ ಇದೆ. ಬಸ್ಸಿನಲ್ಲಿ ಸಾವರ್ಡೆ, ಕುಡಚಡೆ ಅನ್ನಿ, ಕಂಡಕ್ಟರ್ ತಕ್ಷಣ ಟಿಕೆಟ್ ಹರಿಯುತ್ತಾರೆ.

ಗಣಿ ಊರು ಅಂತೀರಿ. ಇಲ್ಲಿ ಕಲ್ಲಿದ್ದಲು ಸಿಗತಿತ್ತಾ?

ಇಲ್ಲ. ಇಲ್ಲಿ ಅಗೆದದ್ದು ಕಬ್ಬಿಣದ ಅದಿರು, ಜೊತೆಗೆ ರಿವಣ ಕಡೆ ಸ್ವಲ್ಪ ಮ್ಯಾಂಗನೀಸ್. ಗೋವಾದ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಆದರೆ ಈ ಗೊಂದಲ ಬರುವುದು ಸಹಜ. ಇವತ್ತು ನಮ್ಮ ಸ್ಟೇಷನ್ನಿನ ಮುಂದೆ ಹಾದು ಹೋಗುವ ಗೂಡ್ಸ್ ಗಾಡಿಯಲ್ಲಿ ಕಲ್ಲಿದ್ದಲೇ ತುಂಬಿರುತ್ತದೆ. ಅದು ಹೊರದೇಶದಿಂದ ಮುರಗಾಂವ್ ಬಂದರಿಗೆ ಹಡಗಿನಲ್ಲಿ ಬಂದು ಘಟ್ಟ ಹತ್ತಿ ನಮ್ಮ ಬಳ್ಳಾರಿ ಸೀಮೆಗೆ ಹೋಗುತ್ತದೆ. ಅಪ್ಪನ ಕಾಲದಲ್ಲಿ ಅದಿರು ಇಲ್ಲಿಂದ ಬಂದರಿನತ್ತ ಹೋಗುತ್ತಿತ್ತು. ಈಗ ಬಂದರಿನಿಂದ ಕಲ್ಲಿದ್ದಲು ನಮ್ಮತ್ತ ಬರುತ್ತಿದೆ. ಇದರ ಬಗ್ಗೆ ಮುಂದೆ ಬರೆದಿದ್ದೇನೆ.

ಕರ್ನಾಟಕದಿಂದ ಹೆಂಗ ಬರಬೇಕು?

ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ, ಕುಳೆಂ, ಕಾಲೆ, ಆಮೇಲೆ ನಮ್ಮ ಸ್ಟೇಷನ್. ವಾಸ್ಕೋ ಕಡೆ ಹೋಗುವ ರೈಲು ಹಿಡಿಯಿರಿ. ಕ್ಯಾಸಲ್‌ರಾಕ್ ಕರ್ನಾಟಕದ ಕೊನೆಯ ಸ್ಟೇಷನ್. ಅಲ್ಲಿಂದ ಇಳಿಜಾರು ಎಷ್ಟು ಕಡಿದಾಗಿದೆ ಎಂದರೆ 37 ಅಡಿ ಮುಂದೆ ಹೋದರೆ 1 ಅಡಿ ಇಳಿದಿರುತ್ತೀರಿ. ರಸ್ತೆಯಲ್ಲಾದರೆ ರಾಮನಗರ, ಅನಮೋಡ ಘಾಟ್, ಮೊಲೆಂ ದಾಟಿ ಬನ್ನಿ.

ಈ ರೈಲು ಹಾಕಿದ್ದು 1880ರ ದಶಕದಲ್ಲಿ, ಪೋರ್ಚುಗೀಸರ ಕಾಲದಲ್ಲಿ. ಮುರಗಾಂವ್ ಬಂದರನ್ನು ಘಟ್ಟದ ಮೇಲಿನ ನಾಡಿಗೆ ಜೋಡಿಸುವುದು ಅವರ ಲೆಕ್ಕ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ನಮ್ಮ ಹಿರಿಯರೆಲ್ಲ ಬಂದದ್ದು ಆ ಸಣ್ಣ ಗಾಡಿಯಲ್ಲೇ. ರೊಟ್ಟಿ ಗಂಟು ಮಡಿಲಲ್ಲಿ, ಹಾಸಿಗೆ ಸುರುಳಿ ಕಾಲ ಕೆಳಗೆ.

## ಗಣಿ ಬಂದ ಬಗೆ

ಗಣಿ ಶುರು ಮಾಡಿದವರು ಪೋರ್ಚುಗೀಸರೇನು?

ಕಾಗದದ ಮೇಲೆ ಹೌದು. 1906ರಲ್ಲಿ ಪೋರ್ಚುಗಲ್ ತನ್ನ ವಸಾಹತುಗಳಿಗೆ ಒಂದು ಗಣಿ ಕಾನೂನು ಮಾಡಿತು. ಅದರ ಕೆಳಗೆ ಗುಡ್ಡಗಳನ್ನು ಖಾಸಗಿಯವರಿಗೆ ಬರೆದುಕೊಟ್ಟರು. ಕೊಂಕಣಿ, ಮರಾಠಿ ಮಾತಾಡುವ ಇಲ್ಲಿನ ವ್ಯಾಪಾರಿ ಮನೆತನಗಳೇ ಹೆಚ್ಚಾಗಿ ಪಡೆದವು. ಆ ಹಕ್ಕಿಗೆ ಕೊನೆಯ ದಿನಾಂಕ ಅಂತ ಇರಲಿಲ್ಲ. ಈ ಒಂದು ಮಾತು ನೆನಪಿಡಿ. ನೂರು ವರ್ಷದ ನಂತರ ಕೋರ್ಟಿನಲ್ಲಿ ಎಲ್ಲವೂ ಇದರ ಸುತ್ತಲೇ ತಿರುಗಿತು.

ನಿಜವಾದ ಭರಾಟೆ ಎರಡನೇ ಮಹಾಯುದ್ಧದ ನಂತರದ್ದು. ಯುದ್ಧದಲ್ಲಿ ಸುಟ್ಟು ಹೋಗಿದ್ದ ಜಪಾನಿಗೆ ಮತ್ತೆ ಉಕ್ಕು ಬೇಕಿತ್ತು. 1950ರ ದಶಕದಲ್ಲಿ ಜಪಾನಿನ ಸಹಾಯದಿಂದ ಉತ್ತರದ ಶಿರಗಾವದಲ್ಲಿ ಯಂತ್ರದ ಗಣಿ ಬಂತು. ಆ ಹೊತ್ತಿಗೆ ಭಾರತ ಸರ್ಕಾರ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿತ್ತು. ಪೋರ್ಚುಗೀಸರ ಖಜಾನೆಗೆ ಅದಿರೇ ಆಸರೆ ಆಯಿತು. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ ಆಯಿತು. ಗಣಿ ಮಾತ್ರ ಅದೇ ಹಳೆಯ ಕಾಗದದ ಮೇಲೆ ನಡೆಯುತ್ತಲೇ ಇತ್ತು. 1987ರಲ್ಲಿ ಪಾರ್ಲಿಮೆಂಟ್ ಆ ಪೋರ್ಚುಗೀಸ್ ಹಕ್ಕುಗಳನ್ನು ರದ್ದು ಮಾಡಿ, ಅವುಗಳನ್ನು ಭಾರತದ ಕಾನೂನಿನ ಲೀಸ್ ಎಂದು ಬದಲಿಸಿತು.

ನಮ್ಮ ಸಂಡೂರು ಅದಿರಿನ ಮುಂದ ಗೋವಾದ್ದು ಕಮ್ಮಿ ದರ್ಜೆ ಅಂತಾರ. ಹಂಗಿದ್ರೂ ಅದನ್ನ ಯಾರು ಕೊಳ್ತಿದ್ರು?

ಹೌದು, ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ, ಪುಡಿ ಜಾಸ್ತಿ. ನಮ್ಮ ದೇಶದ ಉಕ್ಕಿನ ಕಾರ್ಖಾನೆಗಳು ಇದನ್ನು ಬಹಳ ಕಾಲ ಮುಟ್ಟಲಿಲ್ಲ. ಆದರೆ ಗೋವಾಕ್ಕೆ ಒಂದು ಅನುಕೂಲ ಇತ್ತು: ಗಣಿಗೂ ಹಡಗಿಗೂ ನಡುವೆ ನದಿ. ಸಾಗಣೆ ಖರ್ಚು ಕಡಿಮೆ ಆದ್ದರಿಂದ ಕಡಿಮೆ ದರ್ಜೆಯ ಮಾಲನ್ನು ಹೊರದೇಶಕ್ಕೆ ಕಳಿಸಿದರೂ ಗಿಟ್ಟುತ್ತಿತ್ತು. ಮೊದಲು ಜಪಾನ್ ಕೊಂಡಿತು. 2000ದ ನಂತರ ಚೀನಾ ಬಂತು. ಬೀಜಿಂಗ್ ಒಲಿಂಪಿಕ್ಸ್ ನಡೆದ 2008ರ ಆಸುಪಾಸು, ಹಿಂದೆ ಕಸ ಅಂತ ಗುಡ್ಡೆ ಹಾಕಿದ್ದ ಡಂಪಿಗೂ ಬೆಲೆ ಬಂತು. 2010-11ರಲ್ಲಿ ಗೋವಾದಿಂದ 5 ಕೋಟಿ ಟನ್ನಿಗೂ ಮೀರಿ ಅದಿರು ಹೊರಗೆ ಹೋಯಿತು. ಈ ರಾಜ್ಯ ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲ. ಆ ಲೆಕ್ಕ ಹಾಕಿ ನೋಡಿ.

ಗುಡ್ಡದಿಂದ ಹಡಗಿನ ತನಕ ಅದಿರು ಹೆಂಗ ಹೋಗತಿತ್ತು?

ಇದನ್ನು ಹೇಳಲು ನನಗೆ ತುಂಬಾ ಇಷ್ಟ. ಬಾಲ್ಯವೆಲ್ಲ ನೋಡಿದ್ದು ಇದನ್ನೇ.

ಇಲ್ಲಿ ಸುರಂಗ ಇರಲಿಲ್ಲ. ಎಲ್ಲವೂ ಮೇಲಿನಿಂದ ತೆರೆದ ಗಣಿ. ಮೊದಲು ಕಾಡು, ಆಮೇಲೆ ಮಣ್ಣು, ಆಮೇಲೆ ಜಂಬಿಟ್ಟಿಗೆ ಕಲ್ಲು ತೆಗೆಯಬೇಕು. ಒಂದು ಟನ್ ಅದಿರಿಗೆ ಎರಡೂವರೆಯಿಂದ ಮೂರು ಟನ್ ಮಣ್ಣು ಹೊರಗೆ ಬೀಳುತ್ತದೆ. ಅದನ್ನು ಪಕ್ಕದಲ್ಲಿ ರಾಶಿ ಹಾಕಿದರೆ ಅದೇ ಡಂಪ್. ಸಾಂಗೆ ಕಡೆ ಹೋದರೆ ನೀವು ಗುಡ್ಡ ಅಂದುಕೊಂಡದ್ದರಲ್ಲಿ ಕೆಲವು ಗುಡ್ಡಗಳಲ್ಲ, ಡಂಪ್‌ಗಳು.

ಗಣಿಯಿಂದ ಟಿಪ್ಪರ್ ಹೊರಡುತ್ತಿತ್ತು. ಡ್ರೈವರಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು. ಅದಕ್ಕೇ ಎಲ್ಲರಿಗೂ ಅವಸರ. ರಸ್ತೆ ಕೆಂಪು, ಗಿಡದ ಎಲೆ ಕೆಂಪು, ಶಾಲೆಗೆ ಹೋಗುವ ನಮ್ಮ ಬಿಳಿ ಅಂಗಿಯೂ ಸಂಜೆಗೆ ಕೆಂಪು. ಟಿಪ್ಪರ್ ಹೊಳೆದಂಡೆಯ ಜೆಟ್ಟಿಗೆ ಬಂದು ಸುರಿಯುತ್ತಿತ್ತು. ಅಲ್ಲಿ ಬಾರ್ಜ್, ಅಂದರೆ ಸರಕು ಹೊರುವ ದೊಡ್ಡ ಚಪ್ಪಟೆ ದೋಣಿ, ಕಾದಿರುತ್ತಿತ್ತು. ಒಂದು ಬಾರ್ಜ್ ಒಂದೂವರೆ–ಎರಡು ಸಾವಿರ ಟನ್ ಹೊರುತ್ತದೆ. ಹತ್ತು ಟನ್ನಿನ ಟಿಪ್ಪರ್ ಇನ್ನೂರು ಸಲ ಬರಬೇಕು, ಅಲ್ವಾ? ಉಬ್ಬರ ಬಂದಾಗ ಬಾರ್ಜ್ ಬಿಟ್ಟು, ಜುವಾರಿಯಲ್ಲಿ ಇಳಿದು ಮುರಗಾಂವ್ ಬಂದರಿಗೆ. ಉತ್ತರದ ಗಣಿಗಳ ಮಾಲು ಮಾಂಡವಿಯಲ್ಲಿ ಹೋಗುತ್ತಿತ್ತು. ಮಾಂಡವಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಖಾನಾಪುರ ಕಡೆ ಹುಟ್ಟುವ ಮಹಾದಾಯಿ. ಮಳೆಗಾಲದಲ್ಲಿ ಮಾಂಡವಿಯ ಬಾಯಿಗೆ ಮರಳು ಕಟ್ಟಿ ಅಲೆ ಎದ್ದರೆ, ಬಾರ್ಜ್‌ಗಳು ಕುಂಭಾರಜುವೆ ಕಾಲುವೆಯಿಂದ ಜುವಾರಿಗೆ ದಾಟುತ್ತಿದ್ದವು.

ಜೂನ್‌ನಿಂದ ಸೆಪ್ಟೆಂಬರ್ ತನಕ ಗಣಿ ಅಗೆತ ನಿಲ್ಲುತ್ತಿತ್ತು. ನಮ್ಮವರು ಬಿತ್ತನೆಗೆ ಊರಿಗೆ ಹೋಗಿ, ನಾಗರಪಂಚಮಿ ಉಂಡೆ ತಿಂದು, ದಸರಾ ಹೊತ್ತಿಗೆ ಹಿಂದಿರುಗುತ್ತಿದ್ದರು. ಹೊಲದ ಕೆಲಸವೂ ಗಣಿಯ ಕೆಲಸವೂ ಒಂದಕ್ಕೊಂದು ಕೈ ಬಿಡಿಸಿಕೊಳ್ಳದ ಹಾಗೆ ಹೊಂದಿಕೊಂಡಿದ್ದವು.

ನಮ್ಮ ಮಂದಿ ಇಲ್ಲಿ ಯಾವಾಗ ಬಂದ್ರು? ಏನ್ ಕೆಲಸ ಮಾಡ್ತಿದ್ರು?

ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಸೀಮೆಯಿಂದ, ಬರ ಬಿದ್ದ ವರ್ಷ ಜಾಸ್ತಿ, ಮಳೆ ಚೆನ್ನಾಗಿ ಆದ ವರ್ಷ ಕಡಿಮೆ. ನಮ್ಮ ಬೀದಿಯ ಹಳಬರು ತಮ್ಮ ವಯಸ್ಸನ್ನು ಇಸವಿಯಲ್ಲಿ ಹೇಳುವುದಿಲ್ಲ. 'ಇಂಥ ಬರಗಾಲಕ್ಕೆ ಬಂದೆ' ಅನ್ನುತ್ತಾರೆ. ಯಂತ್ರ ಬರುವ ಮೊದಲು ಗುದ್ದಲಿ, ಹಾರೆ, ಬುಟ್ಟಿ. ಗಂಡಸರು ಅಗೆದರೆ ಹೆಂಗಸರು ಬುಟ್ಟಿ ಹೊರುತ್ತಿದ್ದರು. ಅದಿರನ್ನು ಕೈಯಲ್ಲಿ ಆರಿಸಿ, ಕಲ್ಲು ಬೇರೆ ಮಾಡುವ ಕೆಲಸ ಹೆಂಗಸರದ್ದೇ. ದೋಣಿಗೆ ಹಲಗೆ ಹಾಕಿ, ಅದರ ಮೇಲೆ ನಡೆದು ಬುಟ್ಟಿ ಸುರಿಯುತ್ತಿದ್ದರಂತೆ. ನಮ್ಮ ಅಜ್ಜಿ ಕೊನೆಯ ತನಕ ಬಲಕ್ಕೆ ಸ್ವಲ್ಪ ಬಾಗಿಯೇ ನಡೆಯುತ್ತಿದ್ದಳು. ಯಾಕೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಬುಟ್ಟಿ ಆ ಕಡೀನೇ ಇರ್ತಿತ್ತು ಕಣಪ್ಪಾ" ಅಂದಳು.

ಯಂತ್ರ ಬಂದ ಮೇಲೆ ಬುಟ್ಟಿ ಹೋಯಿತು. ನಮ್ಮವರು ಟಿಪ್ಪರಿನ ಕ್ಲೀನರ್ ಆದರು, ಡ್ರೈವರ್ ಆದರು. ರಸ್ತೆಗೆ ನೀರು ಹೊಡೆಯುವುದು, ಜೆಟ್ಟಿಯಲ್ಲಿ ಚೆಲ್ಲಿದ ಅದಿರು ಗುಡಿಸುವುದು, ಗ್ಯಾರೇಜು, ಟೈರ್ ಪಂಚರ್, ಊಟದ ಖಾನಾವಳಿ. ಟಿಪ್ಪರಿನ ಮಾಲೀಕರು ಹೆಚ್ಚಾಗಿ ಸ್ಥಳೀಯರು. ಕಂಪನಿಯ ಪಗಾರಿ ನೌಕರಿಯಲ್ಲೂ ನಮ್ಮವರು ಬೆರಳೆಣಿಕೆ. ನಡುವೆ ಗುತ್ತಿಗೆದಾರ ಇರುತ್ತಿದ್ದ. ನಮ್ಮವರ ಹೆಸರು ಅವನ ಜೇಬಿನ ಚೀಟಿಯಲ್ಲಿ ಮಾತ್ರ.

## ನಿಂತದ್ದು

ಗಣಿ ನಿಲ್ಲಿಸಿದ್ದು ಯಾರು? ಒಬ್ಬೊಬ್ಬರು ಒಂದೊಂದು ಹೇಳ್ತಾರ.

ಎರಡು ಸಲ ನಿಂತಿತು, ಅದಕ್ಕೇ ಗೊಂದಲ.

ಮೊದಲ ಸಲ 2012. ಕೇಂದ್ರ ಸರ್ಕಾರ 2010ರಲ್ಲಿ ನ್ಯಾಯಮೂರ್ತಿ ಎಂ.ಬಿ. ಶಾ ಆಯೋಗ ನೇಮಿಸಿತ್ತು. ಅದರ ಗೋವಾ ವರದಿ 2012ರ ಸೆಪ್ಟೆಂಬರ್ 7ಕ್ಕೆ ಪಾರ್ಲಿಮೆಂಟಿನಲ್ಲಿ ಮಂಡನೆಯಾಯಿತು. ಅಕ್ರಮ ಗಣಿಯಿಂದ ಸುಮಾರು 35 ಸಾವಿರ ಕೋಟಿ ರೂಪಾಯಿ ನಷ್ಟ ಅಂತ ಆಯೋಗ ಅಂದಾಜು ಹಾಕಿತ್ತು. 10ಕ್ಕೆ ರಾಜ್ಯ ಸರ್ಕಾರ ಗಣಿ ನಿಲ್ಲಿಸಿತು. 14ಕ್ಕೆ ಕೇಂದ್ರದ ಪರಿಸರ ಸಚಿವಾಲಯ ಪರವಾನಗಿಗಳನ್ನು ತಡೆಹಿಡಿಯಿತು. ಅಕ್ಟೋಬರ್ 5ಕ್ಕೆ ಸುಪ್ರೀಂ ಕೋರ್ಟ್ ಅಗೆತ, ಸಾಗಣೆ ಎರಡನ್ನೂ ನಿಲ್ಲಿಸಿತು. ಆ ವರ್ಷ ಗಣೇಶ ಚವತಿ ಸೆಪ್ಟೆಂಬರ್ 19ಕ್ಕೆ. ಹಬ್ಬ ಮುಗಿದು ಸೀಸನ್ ಶುರುವಾಗುತ್ತೆ ಅಂತ ಊರೆಲ್ಲ ಸಾಲ ಮಾಡಿ ಟಿಪ್ಪರ್ ರಿಪೇರಿ ಮಾಡಿಸಿತ್ತು.

2014ರ ಏಪ್ರಿಲ್ 21ರ ತೀರ್ಪು ಮುಖ್ಯವಾದದ್ದು. ಹಳೆಯ ಲೀಸ್‌ಗಳೆಲ್ಲ 2007ರ ನವೆಂಬರ್ 22ಕ್ಕೇ ಮುಗಿದಿದ್ದವು, ಆಮೇಲೆ ಅಗೆದದ್ದು ಕಾನೂನಿಗೆ ಹೊರತು ಅಂತ ಕೋರ್ಟ್ ಹೇಳಿತು. ಕೊನೆಯ ದಿನಾಂಕವೇ ಇಲ್ಲದ ಆ ಪೋರ್ಚುಗೀಸ್ ಕಾಗದಕ್ಕೆ ಕೊನೆಯ ದಿನಾಂಕ ಸಿಕ್ಕಿದ್ದು ಹೀಗೆ. ವರ್ಷಕ್ಕೆ 2 ಕೋಟಿ ಟನ್ ಮಿತಿಯೂ ಬಂತು.

ರಾಜ್ಯ ಸರ್ಕಾರ ಹಳಬರಿಗೇ ಮತ್ತೆ 88 ಲೀಸ್ ನವೀಕರಿಸಿತು. 2015ರಲ್ಲಿ ಗಣಿ ಮತ್ತೆ ಶುರುವಾಯಿತು. 2018ರ ಫೆಬ್ರವರಿ 7ಕ್ಕೆ ಸುಪ್ರೀಂ ಕೋರ್ಟ್ ಆ ನವೀಕರಣವನ್ನೂ ರದ್ದು ಮಾಡಿತು. ಮಾರ್ಚ್ 16ರಿಂದ ಮತ್ತೆ ಎಲ್ಲ ಬಂದ್. ಎರಡು ದಿನ ಕಳೆದರೆ ಯುಗಾದಿ. ಈ ಎರಡನೇ ಪೆಟ್ಟೇ ಊರನ್ನು ನಿಜವಾಗಿ ಕೂರಿಸಿತು. ಮೊದಲ ಸಲ ನಿಂತಾಗ ಕಾದವರು ಈ ಸಲ ಕಾಯಲಿಲ್ಲ.

ಕೆಲಸ ಹೋದವರಿಗೆ ಪರಿಹಾರ ಸಿಕ್ತಾ?

ಕೆಲವರಿಗೆ ಸಿಕ್ಕಿತು. ಟ್ರಕ್, ಬಾರ್ಜ್, ಯಂತ್ರಗಳ ಮಾಲೀಕರಿಗೆ ಸರ್ಕಾರ ನೆರವಿನ ಯೋಜನೆ, ಸಾಲ ಇಳಿಸುವ ಯೋಜನೆ ತಂದಿತು. ಅದು ಬೇಕೇ ಇತ್ತು. ಎರಡು ಟಿಪ್ಪರ್ ಇಟ್ಟುಕೊಂಡಿದ್ದ ನಮ್ಮ ಪಕ್ಕದ ಮನೆಯವರು ಒಂದನ್ನು ತೂಕದ ಲೆಕ್ಕಕ್ಕೆ ಮಾರಿದ್ದನ್ನು ನಾನೇ ನೋಡಿದ್ದೇನೆ.

ಆದರೆ ಕ್ಲೀನರಿಗೆ? ಜೆಟ್ಟಿ ಗುಡಿಸುತ್ತಿದ್ದ ಹೆಂಗಸಿಗೆ? ಯೋಜನೆಗೆ ಕಾಗದ ಬೇಕು. ಗಾಡಿಯ ಆರ್‌ಸಿ ಪುಸ್ತಕ, ಬ್ಯಾಂಕ್ ಸಾಲದ ಪತ್ರ, ಪಗಾರದ ಚೀಟಿ. ಕೈಯಲ್ಲಿ ದುಡಿದವರ ಬಳಿ ಇವು ಯಾವುವೂ ಇರಲಿಲ್ಲ. ನಮ್ಮ ಬೀದಿಯ ಎಂಟು ಮನೆಯವರ ಎರಡು ತಿಂಗಳ ಕೂಲಿ ಒಬ್ಬ ಗುತ್ತಿಗೆದಾರನ ಬಳಿ ಉಳಿಯಿತು. ಅವನು ಫೋನ್ ನಂಬರ್ ಬದಲಿಸಿದ. ಯಾರಿಗೆ ದೂರು ಕೊಡಬೇಕು ಅಂತಲೂ ಯಾರಿಗೂ ಗೊತ್ತಾಗಲಿಲ್ಲ. ಅವರಲ್ಲಿ ಐದು ಮನೆಯವರು ಸಾಮಾನು ಕಟ್ಟಿಕೊಂಡು ರೈಲು ಹತ್ತಿದರು. ಗಣಿ ನಿಂತದ್ದರ ಬಗ್ಗೆ ಎಷ್ಟೋ ಚರ್ಚೆ ಕೇಳಿದ್ದೇನೆ. ಇವರ ಮಾತು ಎಲ್ಲೂ ಬಂದದ್ದಿಲ್ಲ. ನನಗೆ ಈಗಲೂ ಸಂಕಟವಾಗುವುದು ಇದಕ್ಕೇ.

ಪರಿಸರ ಅನ್ನೋರು ನಮ್ಮ ಹೊಟ್ಟಿ ಮ್ಯಾಲ ಹೊಡದ್ರು. ನೀವೇನಂತೀರಿ?

ಹೊಟ್ಟೆಯ ಮಾತು ನಿಜ. ಆದರೆ ಬಾವಿಯ ಮಾತೂ ನಿಜ. ಅದಿರು ನೆಲದೊಳಗಿನ ನೀರಿನ ಮಟ್ಟಕ್ಕಿಂತ ಕೆಳಗೂ ಇದೆ. ಅಲ್ಲಿ ತನಕ ಅಗೆದರೆ ನೀರನ್ನು ಪಂಪು ಹಚ್ಚಿ ಹೊರಗೆ ಚೆಲ್ಲಬೇಕು. ಸುತ್ತಲಿನ ಬಾವಿಗಳು ಬತ್ತುತ್ತವೆ. ಮಳೆಗಾಲದಲ್ಲಿ ಡಂಪಿನ ಕೆಸರು ಇಳಿದು ಭತ್ತದ ಗದ್ದೆಗೆ ಕೂರುತ್ತದೆ. ದಕ್ಷಿಣ ಗೋವಾ ಕುಡಿಯುವುದು ಸಾಳಾವಲಿ ಅಣೆಕಟ್ಟಿನ ನೀರು. ಅದಕ್ಕೆ ನೀರು ಹರಿದು ಬರುವ ಜಾಗದಲ್ಲೂ ಗಣಿಗಳಿವೆ. ಗದ್ದೆ ಕಳೆದುಕೊಂಡ ಕುಣಬಿ, ವೆಳಿಪ ಮನೆಯವರೂ ಬಡವರೇ. ನಮಗೆ ಇದ್ದ ಹಾಗೆ ಅವರಿಗೆ ಬೇರೆ ಊರಿಗೆ ಹೋಗುವ ದಾರಿಯೂ ಇರಲಿಲ್ಲ. ಗೋವಾ ಫೌಂಡೇಷನ್ ಅನ್ನುವ ಪರಿಸರ ಸಂಘಟನೆಯವರು ಕೋರ್ಟಿಗೆ ಹೋಗದಿದ್ದರೆ ಲೀಸ್ ಮುಗಿದ ವಿಷಯವೇ ಹೊರಗೆ ಬರುತ್ತಿರಲಿಲ್ಲ. ತಪ್ಪು ಕೇಸು ಹಾಕಿದವರದ್ದಲ್ಲ. ಇಷ್ಟು ದುಡ್ಡು ಹರಿದ ಊರಿನಲ್ಲಿ ಕೂಲಿಯವನಿಗೆ ಒಂದು ಹಾಜರಿ ಪುಸ್ತಕ ಇಡದೇ ಹೋದದ್ದು ತಪ್ಪು. ನನ್ನ ಅಭಿಪ್ರಾಯ ಇಷ್ಟು.

## ಈಗಿನ ಊರು

ಗಣಿ ಮತ್ತ ಚಾಲೂ ಆಯ್ತಂತಲ್ಲ?

ಸ್ವಲ್ಪ ಮಟ್ಟಿಗೆ. ಈಗ ಲೀಸ್ ಹರಾಜಿನಲ್ಲಿ ಮಾತ್ರ ಸಿಗುತ್ತದೆ. 2022ರ ಕೊನೆಗೆ ಮೊದಲ ನಾಲ್ಕು ಬ್ಲಾಕ್‌ಗಳ ಹರಾಜು ಆಯಿತು. ಮೂರು ಉತ್ತರದ ಡಿಚೋಲಿ ಕಡೆ, ಒಂದು ನಮ್ಮ ಕಡೆಯ ಕಾಲೆ. 2024ರಲ್ಲಿ ಡಿಚೋಲಿಯಲ್ಲಿ ಅಗೆತ ಶುರುವಾಯಿತು. ಇದನ್ನು ನಂಬಿ ಊರಿನಲ್ಲಿ ಎತ್ತು ಮಾರಿ ಬರಬೇಡಿ. ಹಳೆಯ ಭರಾಟೆ ಮತ್ತೆ ಬರುವುದಿಲ್ಲ. ಯಂತ್ರ ದೊಡ್ಡದಾಗಿದೆ, ಕೈಗಳು ಕಡಿಮೆ ಸಾಕು.

ಹಂಗಾದ್ರ ಊರಾಗ ಈಗ ಏನ್ ನಡೀತದ?

ಊರು ಸತ್ತಿಲ್ಲ. ಒಳನಾಡಿನ ಹಳ್ಳಿಗಳಿಗೆಲ್ಲ ಕುಡಚಡೆಯೇ ಪೇಟೆ. ಬಟ್ಟೆ, ಬಂಗಾರ, ಹಾರ್ಡ್‌ವೇರ್, ಶಾಲೆ, ಬ್ಯಾಂಕು ಎಲ್ಲ ಇಲ್ಲೇ. ಜನ ಕೆಲಸಕ್ಕೆ ಮಡಗಾಂವ್, ವೆರ್ಣ ಕಡೆ ದಿನಾ ಹೋಗಿ ಬರುತ್ತಾರೆ. ಟಿಪ್ಪರ್ ಇಟ್ಟುಕೊಂಡಿದ್ದವರು ಮಣ್ಣು, ಜಲ್ಲಿ ಹೊಡೆಯುತ್ತಾರೆ. ಕೆಲವರು ಗೇರು, ಅಡಿಕೆ ತೋಟಕ್ಕೆ ಮರಳಿದರು. ಕಬ್ಬು ಹಾಕಿದವರಿಗೆ ಮತ್ತೊಂದು ಹೊಡೆತ ಬಿತ್ತು: ಧಾರಬಾಂದೋಡೆಯ ಸಂಜೀವನಿ ಸಕ್ಕರೆ ಕಾರ್ಖಾನೆ ಕೆಲವು ವರ್ಷದ ಹಿಂದೆ ಅರೆಯುವುದನ್ನು ನಿಲ್ಲಿಸಿತು. ನಮ್ಮವರು ಈಗ ಗಾರೆ ಕೆಲಸ, ಸೆಂಟ್ರಿಂಗ್, ತರಕಾರಿ ವ್ಯಾಪಾರ, ಹೋಟೆಲ್ ಕಿಚನ್ ಹಿಡಿದಿದ್ದಾರೆ.

ಕಲ್ಲಿದ್ದಲ ಗಾಡಿ, ಡಬಲ್ ಟ್ರ್ಯಾಕ್ ಅಂತ ಜಗಳ ಯಾಕ?

ಮುರಗಾಂವ್‌ಗೆ ಹಡಗಿನಲ್ಲಿ ಬರುವ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಗೆ ಇದೇ ಹಳಿಯ ಮೇಲೆ ಹೋಗುತ್ತದೆ. ಹಿಂದೆ ಇನ್ನೊಂದಿಷ್ಟು ಇಂಜಿನ್ ಹಚ್ಚಿ ಘಟ್ಟ ಹತ್ತಿಸುತ್ತಾರೆ. ಹೊಸಪೇಟೆಯಿಂದ ವಾಸ್ಕೋ ತನಕ ಎರಡನೇ ಹಳಿ ಹಾಕುವ ಯೋಜನೆ ಬಂದಾಗ ಗೋವಾದವರು ಎದ್ದರು. ಕಲ್ಲಿದ್ದಲ ಧೂಳು ಮನೆಯೊಳಗೆ ಬರುತ್ತೆ, ಹಳಿ ಪಕ್ಕದ ಹಳೆ ಮನೆ ಬಿರುಕು ಬಿಡುತ್ತೆ ಅನ್ನುವುದು ಅವರ ದೂರು. 'ಗೋಂಯಾಂತ್ ಕೊಳಸೊ ನಾಕಾ', ಅಂದರೆ ಗೋವಾದಲ್ಲಿ ಕಲ್ಲಿದ್ದಲು ಬೇಡ ಅನ್ನುವ ಕೂಗು ಎದ್ದಿತು. 2020ರ ನವೆಂಬರ್ 1ರ ರಾತ್ರಿ ನಮ್ಮ ಪಕ್ಕದ ಚಾಂದೋರದಲ್ಲಿ ಸಾವಿರಾರು ಜನ ಮೇಣದ ಬತ್ತಿ ಹಿಡಿದು ಹಳಿಯ ಹತ್ತಿರ ಬೆಳಗಿನ ತನಕ ಕೂತರು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್, ಕ್ಯಾಸಲ್‌ರಾಕ್‌ನಿಂದ ಕುಳೆಂ ತನಕ ಕಾಡಿನ ನಡುವೆ ಎರಡನೇ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು.

ಊರಿನವರು ಇದನ್ನು 'ಗೋವಾದವರು ಕರ್ನಾಟಕಕ್ಕೆ ಅಡ್ಡ ಬಂದರು' ಅಂತ ಹೇಳುತ್ತಾರೆ. ದಯವಿಟ್ಟು ಹಾಗೆ ನೋಡಬೇಡಿ. ನಮ್ಮ ಅಂಗಡಿಯ ಅಕ್ಕಿ ಚೀಲದ ಮೇಲೂ ಆ ಕಪ್ಪು ಪುಡಿ ಕೂರುತ್ತದೆ. ಧೂಳಿಗೆ ಭಾಷೆ ಇಲ್ಲ.

ಅಲ್ಲಿ ನಿಮ್ಮನ್ನ 'ಘಾಂಟಿ' ಅಂತ ಕರೀತಾರಂತ. ಹೌದಾ?

ಕರೆಯುತ್ತಾರೆ. ಘಟ್ಟದಿಂದ ಇಳಿದವನು ಅನ್ನುವುದು ಅದರ ಅರ್ಥ, ಆದರೆ ಹೇಳುವಾಗ ಕೀಳಾಗಿ ಹೇಳುತ್ತಾರೆ. ಶಾಲೆಯಲ್ಲಿ ನಾನು ಅದನ್ನು ಕೇಳಿ ಅತ್ತಿದ್ದೇನೆ. ಅದೇ ಶಾಲೆಯಲ್ಲಿ ತನ್ನ ಡಬ್ಬಿಯ ಮೀನುಸಾರು ನನಗೆ ಹಂಚಿದ ಗೆಳೆಯನೂ ಇದ್ದ. ಅವನ ಮಗಳ ಮದುವೆಗೆ ಹೋಳಿಗೆ ಮಾಡಿಕೊಟ್ಟದ್ದು ನಮ್ಮ ಮನೆಯವರೇ. ಕೊಂಕಣಿ ಕಲಿತರೆ ಅರ್ಧ ದೂರ ಕಡಿಮೆಯಾಗುತ್ತದೆ. ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಮಕ್ಕಳ ಕಥೆ ಬೇರೆ: ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅದಕ್ಕೆ ಮನೆಯಲ್ಲೇ ಕೂರಿಸಿ ಕಲಿಸಬೇಕು.

ಬಂದ್ರ ನೋಡಾಕ ಏನೈತಿ?

ಚಾಂದೋರದಿಂದ ಶುರು ಮಾಡಿ. ಅದು ಹಳೆಯ ಚಂದ್ರಪುರ, ಗೋವಾ ಕದಂಬರ ರಾಜಧಾನಿ. ಅವರ ಶಾಸನಗಳಲ್ಲಿ ಕನ್ನಡ ಇದೆ. ಇಲ್ಲಿನ ಸರ್ಕಾರಿ ಬಸ್ಸಿನ ಮೇಲೆ ಇವತ್ತಿಗೂ 'ಕದಂಬ' ಅಂತಲೇ ಹೆಸರು. ಮೊಲೆಂ ಕಡೆಯ ತಾಂಬಡಿ ಸುರ್ಲಾದ ಮಹಾದೇವ ಗುಡಿ ಅದೇ ಕಾಲದ ಕರಿಕಲ್ಲಿನ ಕೆಲಸ. ನಮ್ಮ ಕಡೆಯ ಗುಡಿಗಳನ್ನು ಕಂಡವರಿಗೆ ಮನೆಯ ನೆನಪಾಗುತ್ತದೆ. ರಿವಣ ದಾಟಿ ಉಸಗಾಳಿಮಳದಲ್ಲಿ ಕುಶಾವತಿ ನದಿಯ ದಂಡೆಯ ಜಂಬಿಟ್ಟಿಗೆ ಬಂಡೆಯ ಮೇಲೆ ಗೂಳಿ, ಜಿಂಕೆ, ಚಕ್ರವ್ಯೂಹದಂಥ ಸುರುಳಿ, ಹೀಗೆ ನೂರಕ್ಕೂ ಹೆಚ್ಚು ಗೆರೆ ಚಿತ್ರಗಳಿವೆ. ಇವು ಹೊರಗಿನವರಿಗೆ ಗೊತ್ತಾದದ್ದು 1993ರಲ್ಲಿ.

ಮೇ ತಿಂಗಳಲ್ಲಿ ಬಂದರೆ ಕುರ್ಡಿಗೆ ಹೋಗಿ. ಸಾಳಾವಲಿ ಅಣೆಕಟ್ಟಿನಲ್ಲಿ ಮುಳುಗಿದ ಊರು. ಹಿಂದೂಸ್ತಾನಿ ಗಾಯಕಿ ಮೊಗುಬಾಯಿ ಕುರ್ಡೀಕರ್ ಅವರ ಊರು ಅದೇ. ನೀರು ಇಳಿದಾಗ ಮನೆಗಳ ಅಡಿಪಾಯ, ಸೋಮೇಶ್ವರನ ಗುಡಿ ಮೇಲೆ ಬರುತ್ತವೆ. ಊರು ಬಿಟ್ಟು ವಾಡೆ, ವಾಲ್ಕಿಣಿಗೆ ಹೋದವರೆಲ್ಲ ಬಂದು ಪೂಜೆ ಮಾಡುತ್ತಾರೆ. ಆಲಮಟ್ಟಿಯಲ್ಲಿ ಊರು ಕಳೆದುಕೊಂಡ ನಮ್ಮ ಬಾಗಲಕೋಟೆಯವರು ಅಲ್ಲಿ ನಿಂತರೆ ಮಾತೇ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ನೀರು ತುಂಬಿದ ಹಳೆಯ ಗಣಿ ಗುಂಡಿಗೆ ಈಜಲು ಇಳಿಯಬೇಡಿ. ದಂಡೆ ಕಡಿದಾಗಿದೆ, ಆಳ ಎಷ್ಟು ಅಂತ ಕಾಣುವುದಿಲ್ಲ. ಹಳೆಯ ಕಟ್ಟಡಗಳ ವಿಷಯದಲ್ಲೂ ಹಾಗೇ. 2017ರ ಮೇನಲ್ಲಿ ನಮ್ಮ ಹೊಳೆಯ ಮೇಲಿನ ಪೋರ್ಚುಗೀಸರ ಕಾಲದ ಕಾಲ್ಸೇತುವೆ ಜನ ನಿಂತಿದ್ದಾಗಲೇ ಕುಸಿಯಿತು. ಅದು ಮುಚ್ಚಿದ ಸೇತುವೆಯಾಗಿತ್ತು.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಸಂಡೂರಿನ ಗುಡ್ಡಕ್ಕೂ ಇಲ್ಲಿನ ಗುಡ್ಡಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ. ಭೂವಿಜ್ಞಾನದವರು ಗೋವಾದ ಈ ಬಂಡೆಗಳನ್ನು ಧಾರವಾಡ ಬಂಡೆಗಳ ಬಳಗಕ್ಕೆ ಸೇರಿಸುತ್ತಾರೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಬಳಗ ಅದು. ಅದರ ಒಂದು ಪದರಕ್ಕೆ ನಮ್ಮ ಸಾವರ್ಡೆಯ ಹೆಸರೇ 'ಸಾನ್ವೋರ್ಡೆಮ್ ಫಾರ್ಮೇಶನ್' ಅಂತ ಬಿದ್ದಿದೆ. ಆದರೆ ಅದಿರು ಇರುವುದು ಅದರ ಮೇಲಿನ 'ಬಿಚೋಲಿಮ್' (ನಮ್ಮ ಬಾಯಲ್ಲಿ ಡಿಚೋಲಿ) ಪದರದಲ್ಲಿ. ಈ ಅದಿರಿನ ಪಟ್ಟಿ ವಾಯವ್ಯದಿಂದ ಆಗ್ನೇಯಕ್ಕೆ ಸುಮಾರು 95 ಕಿ.ಮೀ. ಉದ್ದ ಇದೆ.

ಅದಿರಿನ ದುಡ್ಡು ಮುಂದಿನವರಿಗೆ ಇಡ್ತಾರಂತಲ್ಲ, ಅದೇನು?

2014ರ ತೀರ್ಪಿನಲ್ಲಿ ಕೋರ್ಟ್ ಒಂದು ಶಾಶ್ವತ ನಿಧಿ ಮಾಡಲು ಹೇಳಿತು. ಮಾರಿದ ಅದಿರಿನ ಬೆಲೆಯಲ್ಲಿ ನೂರಕ್ಕೆ 10 ಭಾಗ ಅದಕ್ಕೆ ಹೋಗಬೇಕು. ಅದಿರು ಒಮ್ಮೆ ಹೋದರೆ ಹೋಯಿತು, ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಅದು ಇನ್ನೂ ಹುಟ್ಟದ ಮಕ್ಕಳ ಪಾಲೂ ಹೌದು ಅನ್ನುವ ವಿಚಾರ. ರೈತನಿಗೆ ಇದು ಹೊಸದಲ್ಲ. ಹಗೇವಿನಲ್ಲಿ ಬೀಜದ ಜೋಳ ಬೇರೆ ಎತ್ತಿಟ್ಟ ಹಾಗೆ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಅದರ ದುಡ್ಡು ಗಣಿಯಿಂದ ತೊಂದರೆಯಾದ ಊರುಗಳಿಗೇ ಖರ್ಚಾಗಬೇಕು. ನಿಮ್ಮ ಬಳ್ಳಾರಿಯಲ್ಲೂ ಇದೆ, ವಿಚಾರಿಸಿ.

ನಮ್ಮಜ್ಜ ಅಲ್ಲಿ ಮೈನ್ಸಿನ್ಯಾಗ ದುಡದಿದ್ದ. ಅವನ ಹೆಸರು ಎಲ್ಲಾದ್ರೂ ಸಿಗ್ತದೇನು?

ಈ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಕಷ್ಟ. ಕಂಪನಿಯ ಪಗಾರಿಯಾಗಿದ್ದರೆ ಪಿಎಫ್ ಚೀಟಿ, ಗೇಟ್ ಪಾಸ್ ಮನೆಯ ಟ್ರಂಕಿನಲ್ಲಿ ಹುಡುಕಿ. ಡ್ರೈವರ್ ಆಗಿದ್ದರೆ ಗೋವಾದ ಲೈಸೆನ್ಸ್ ಇರಬಹುದು. ಹಳೆಯ ರೇಷನ್ ಕಾರ್ಡ್, ಶಾಲೆಯ ಹಾಜರಿಯಲ್ಲಿ ಮಕ್ಕಳ ಹೆಸರು, ಊರಿಗೆ ಕಳಿಸಿದ ಮನಿಯಾರ್ಡರಿನ ರಸೀದಿ, ಇವು ಕೂಡ ಸಾಕ್ಷಿಯೇ. ಎಸೆಯಬೇಡಿ. ಫೋಟೋ ತೆಗೆದು ಇಡಿ.

ಗುತ್ತಿಗೆಯಲ್ಲಿ ದುಡಿದಿದ್ದರೆ ನಮ್ಮ ಅಂಗಡಿಗೆ ಬನ್ನಿ. ಅಪ್ಪ 1978ರಿಂದ ಬರೆದ ಉದ್ರಿ ಪುಸ್ತಕಗಳು ಇನ್ನೂ ಇವೆ, ಹನ್ನೊಂದು. ಅಪ್ಪ ಜನರ ಹೆಸರು ಬರೆಯುತ್ತಿರಲಿಲ್ಲ, ಊರ ಹೆಸರು ಬರೆಯುತ್ತಿದ್ದರು. 'ಹುನಗುಂದ, ಇಬ್ಬರು. ಜೋಳ 10 ಕಿಲೊ, ಎಣ್ಣೆ, ಕಡ್ಡಿಪೆಟ್ಟಿಗೆ.' 'ಕೆರೂರು ಅವ್ವ. ಬೆಲ್ಲ ಅರ್ಧ ಕಿಲೊ.' 'ಇಳಕಲ್ಲ ಕ್ಲೀನರ್ ಹುಡುಗ. ಸಾಬೂನು.' ಕೊನೆಯ ಪುಸ್ತಕದಲ್ಲಿ 2012ರ ಸೆಪ್ಟೆಂಬರ್ 10ರ ನಂತರದ ಪುಟಗಳಲ್ಲಿ ಸಾಮಾನು ಕಡಿಮೆ, ಬಾಕಿ ಜಾಸ್ತಿ. ಕೆಲವು ಸಾಲುಗಳ ಮುಂದೆ ಅಪ್ಪ 'ಊರಿಗೆ ಹೋದರು' ಅಂತ ಬರೆದು ಗೆರೆ ಎಳೆದಿದ್ದಾರೆ. ಆ ಬಾಕಿ ಯಾರೂ ಕೊಡಬೇಕಾಗಿಲ್ಲ. ನಿಮ್ಮಜ್ಜ ಯಾವ ಊರಿನವರು ಅಂತ ಹೇಳಿ ಸಾಕು, ಪುಟ ತೆಗೆದು ತೋರಿಸುತ್ತೇನೆ.